ಸಣ್ಣ ಅಲೆ ಅಂತ ಸಸಾರ ಬೇಡ: ಕಯಾಕ್‌ನಲ್ಲಿ ಸಮುದ್ರಕ್ಕೆ ಇಳಿಯುವ ಮುಂಚೆ ಇಷ್ಟು ತಿಳಿದಿರಲಿ

ಮುಲ್ಕಿ: ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಸಸಿಹಿತ್ಲು ಭಾಗಕ್ಕೆ ಸರ್ಫಿಂಗ್ ಹೊಸತಲ್ಲ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಇಲ್ಲೇ ನಡೆದಿತ್ತು. ಬೋರ್ಡ್ ಮೇಲೆ ನಿಂತು ಬರುವುದನ್ನು ಊರವರೆಲ್ಲ ನೋಡಿದ್ದಾರೆ. ಹಿನ್ನೀರಿನಲ್ಲಿ ಓಡಾಡುವ ಕಯಾಕ್‌ನಲ್ಲಿ ಕೂತುಕೊಂಡೇ ಸಣ್ಣ ಅಲೆಗಳ ಮೇಲೆ ಜಾರಿ ಬರಲೂ ಆಗುತ್ತದೆ. ಆದರೆ ಹಿನ್ನೀರಿನಲ್ಲಿ ಹುಟ್ಟು ಹಾಕಲು ಬಂದರೆ ಸಾಕು ಅಂದುಕೊಂಡರೆ ತಪ್ಪು. ಸಣ್ಣ ಅಲೆಯಲ್ಲಿ ಪೆಟ್ಟು ಮಾಡುವುದು ಹೆಚ್ಚಾಗಿ ನಾವು ಕೂತ ದೋಣಿಯೇ.

ಯಾವ ಕಯಾಕ್?

ಕಾಲು ಒಳಗೆ ತೂರಿಸಿ ಕೂರುವುದು ಒಂದು ಬಗೆ. ಮೇಲ್ಗಡೆ ಕೂರುವುದು ಇನ್ನೊಂದು, ಇದಕ್ಕೆ ಸಿಟ್ ಆನ್ ಟಾಪ್ ಅಂತಾರೆ. ಇದರಲ್ಲಿ ಆರ್‌ಪಾರ್ ತೂತುಗಳಿದ್ದು, ಮೇಲೆ ಬಿದ್ದ ನೀರು ತಾನಾಗಿ ಇಳಿದು ಹೋಗುತ್ತದೆ. ಮಗುಚಿದರೆ ಒಳಗೆ ಸಿಕ್ಕಿಬೀಳುವ ಭಯವಿಲ್ಲ, ತಿರುಗಿಸಿ ಮತ್ತೆ ಹತ್ತಬಹುದು. ಹಾಗಾಗಿ ಹೊಸಬರಿಗೆ ಇದೇ ಸೂಕ್ತ. ಆದರೆ ಹಿಂದಿನ ಬಿರಡೆ, ಮುಚ್ಚಳ ಭದ್ರವಾಗಿದೆಯಾ ನೋಡಲೇಬೇಕು. ಟೊಳ್ಳು ಹೊಟ್ಟೆಯೊಳಗೆ ನೀರು ಹೋದರೆ ದೋಣಿ ಭಾರವಾಗಿ, ಮಾತು ಕೇಳುವುದಿಲ್ಲ.

ಹೋಗುವಾಗ, ಬರುವಾಗ

ದಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಮೂತಿಯನ್ನು ನೇರವಾಗಿ ಅಲೆಗೆ ಹಿಡಿದು, ಮುಂದೆ ಬಾಗಿ, ಹುಟ್ಟು ನಿಲ್ಲಿಸದೆ ಹೋಗಬೇಕು.

ವಾಪಸ್ ಬರುವಾಗ ಹಿಂದಿನಿಂದ ಅಲೆ ಎತ್ತುತ್ತಿದ್ದ ಹಾಗೆ ನಾಲ್ಕೈದು ಹುಟ್ಟು ಜೋರಾಗಿ ಹಾಕಿ. ದೋಣಿ ಜಾರಲು ಶುರುವಾದ ಮೇಲೆ ಸ್ವಲ್ಪ ಹಿಂದೆ ವಾಲಿ. ಇಲ್ಲದಿದ್ದರೆ ಮೂತಿ ನೀರಿಗೆ ಹೊಕ್ಕು ಪಲ್ಟಿ. ಹುಟ್ಟನ್ನು ಪಕ್ಕದಲ್ಲಿ ಹಿಂದಕ್ಕೆ ಇಳಿಬಿಟ್ಟರೆ ಅದೇ ಚುಕ್ಕಾಣಿ.

ಅಡ್ಡ ತಿರುಗಿದರೆ

ಎಷ್ಟೇ ಜಾಗ್ರತೆ ಮಾಡಿದರೂ ದೋಣಿ ಅಲೆಗೆ ಅಡ್ಡ ತಿರುಗುವುದುಂಟು. ಆಗ ಹೆದರಿಕೆಗೆ ಮೈ ದಡದ ಕಡೆ ವಾಲುತ್ತದೆ. ವಾಲಿದಿರೋ, ಮಗುಚಿತು ಅಂತಲೇ ಲೆಕ್ಕ. ಸಮುದ್ರದ ಕಡೆಗೇ, ಅಂದರೆ ಅಲೆಯ ಕಡೆಗೇ ವಾಲಿ, ಹುಟ್ಟನ್ನು ಅಲೆಯ ಮೇಲೆ ಊರಬೇಕು. ಮೊಣಕೈ ಮೈಗೆ ಹತ್ತಿರ ಇರಲಿ. ಕೈ ಮೇಲೆತ್ತಿದರೆ ಭುಜದ ಕೀಲು ತಪ್ಪಬಹುದು.

ಬಿದ್ದರೆ ನೆನಪಿಡಬೇಕಾದ್ದು ಒಂದೇ: ದೋಣಿ ಮತ್ತು ದಡದ ನಡುವೆ ನಿಲ್ಲಬೇಡಿ. ದೋಣಿಯ ತೂಕ 20-25 ಕಿಲೋ ಇರಬಹುದು, ಆದರೆ ಹಿಂದಿನಿಂದ ತಳ್ಳುವ ನೀರು ಒಂದು ಘನ ಮೀಟರಿಗೆ ಸಾವಿರ ಕಿಲೋ. ಮೊಣಕಾಲುದ್ದ ನೀರಿನಲ್ಲೂ ಕಾಲು ಮುರಿಯಲು ಅಷ್ಟು ಸಾಕು. ಸಮುದ್ರದ ಕಡೆ ಸರಿದು ನಿಂತು, ದೋಣಿಯನ್ನು ದಡಕ್ಕೆ ಹೋಗಲು ಬಿಡಿ. ಇದೇ ಕಾರಣಕ್ಕೆ ಜನ ಸ್ನಾನ ಮಾಡುವ ಜಾಗದಲ್ಲಿ ಕಯಾಕ್ ಬೇಡವೇ ಬೇಡ.

ಹೆಲ್ಮೆಟ್ ಯಾಕೆ?

ಅಲೆಯ ಎತ್ತರಕ್ಕಿಂತ ನೀರಿನ ಆಳ ಸ್ವಲ್ಪವೇ ಹೆಚ್ಚಿರುವ ಜಾಗದಲ್ಲಿ ಅಲೆ ಒಡೆಯುತ್ತದೆ. ಅರ್ಧ ಮೀಟರ್ ಅಲೆ ಒಡೆಯುವುದು ಸುಮಾರು 65 ಸೆಂ.ಮೀ. ನೀರಿನಲ್ಲಿ. ಅಲ್ಲಿ ತಲೆಕೆಳಗಾಗಿ ಬಿದ್ದರೆ ತಲೆಗೆ ಸಿಗುವುದು ಮರಳು. ಲೈಫ್ ಜಾಕೆಟ್ ಜೊತೆ ಹೆಲ್ಮೆಟ್ಟೂ ಬೇಕು.

ಯಾವಾಗ ಬೇಡ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲಿಗೆ ಇಳಿಯುವ ಮಾತೇ ಬೇಡ. ಬೇಸಿಗೆಯಲ್ಲೂ ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರಾಗುತ್ತದೆ, ಬೆಳಗ್ಗೆಯೇ ವಾಸಿ. ಅಳಿವೆ ಬಾಗಿಲಿನಲ್ಲಿ ಇಳಿತದ ಹೊತ್ತು ಎಲ್ಲಕ್ಕಿಂತ ಅಪಾಯ. ಹೊರಗೆ ಓಡುವ ನದಿ ನೀರು ಒಳಬರುವ ಅಲೆಗೆ ಡಿಕ್ಕಿಯಾಗಿ, ಸಣ್ಣ ಅಲೆಯೂ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಮಗುಚಿದವರನ್ನು ಅದೇ ನೀರು ಹೊರಕ್ಕೆ ಸೆಳೆಯುತ್ತದೆ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರಾವಳಿಗೆ ಅಲೆಗಳ ಮುನ್ಸೂಚನೆ ಕೊಡುತ್ತದೆ. ಕಯಾಕ್ ಬಾಡಿಗೆಗೆ ಕೊಡುವವರು ಬೆಳಗ್ಗೆ ಅದನ್ನು ನೋಡಿಕೊಳ್ಳುವುದು ಒಳ್ಳೆಯದು. ಗಿರಾಕಿಗೆ ಹುಟ್ಟು ಕೊಡುವಾಗ ಎರಡು ಮಾತು ಹೇಳಿ ಕಳಿಸಿದರೂ ಸಾಕು: ಅಡ್ಡ ತಿರುಗಿದರೆ ಅಲೆಯ ಕಡೆ ವಾಲಿ, ಬಿದ್ದರೆ ದೋಣಿಯ ಮುಂದೆ ನಿಲ್ಲಬೇಡಿ.