ತೋಳಿಗಿಂತ ಮೊದಲು ಪಾದ

ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಎದುರಾಳಿಗಳು ಮೈಮೇಲೆ ಬೀಳುವಷ್ಟರಲ್ಲಿ, ದೂರದಲ್ಲಿ ಓಡುತ್ತಿರುವ ಜೊತೆಗಾರನಿಗೆ ಚೆಂಡು ತಲುಪಿಸಬೇಕು. ಹೀಗೆ ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಚೆಂಡೋ ದುಂಡಗಿಲ್ಲ. ಎರಡೂ ತುದಿ ಚೂಪು, ಉದ್ದ ಸುಮಾರು 28 ಸೆಂಟಿಮೀಟರ್, ತೂಕ 400 ಗ್ರಾಂ ಆಸುಪಾಸು. ಅಡ್ಡಡ್ಡ ಹಾರಿದರೆ ಗಾಳಿಗೆ ಸಿಕ್ಕಿ ಅರ್ಧದಲ್ಲೇ ಬೀಳುತ್ತದೆ. ಮೂತಿ ಮುಂದಾಗಿಯೇ ಸಾಗಬೇಕಾದರೆ ಅದು ಗಿರಗಿರನೆ ತಿರುಗಬೇಕು. ಪಳಗಿದವರ ಎಸೆತದಲ್ಲಿ ಈ ವೇಗ ನಿಮಿಷಕ್ಕೆ ಸುಮಾರು 600 ಸುತ್ತು.

ಹುಮ್ಮಸ್ಸಿನ ಹುಡುಗನೊಬ್ಬ ದಿನವಿಡೀ ಎಸೆಯಲು ತಯಾರಾಗಿ ಬಂದರೆ, ಅನುಭವಿ ಕೋಚ್ ಮೊದಲು ನೋಡುವುದು ಅವನ ಪಾದ. ಬಲ ಹುಟ್ಟುವುದು ನೆಲದಲ್ಲಿ. ಹಿಂಗಾಲು ನೆಲವನ್ನು ಒತ್ತುತ್ತದೆ, ಮುಂಗಾಲು ಊರುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಎದೆ, ಭುಜ, ಮೊಣಕೈ. ತೋಳಿನದು ಕೊನೆಯ ಸರದಿ. ಪಾದ ತಪ್ಪಿದರೆ ಆ ಕೊರತೆಯನ್ನೆಲ್ಲ ಭುಜವೇ ತುಂಬಿಕೊಡಬೇಕಾಗುತ್ತದೆ. ಟಾಮ್ ಬ್ರೇಡಿ, ಡ್ರೂ ಬ್ರೀಸ್ ಅವರಂಥ ದಿಗ್ಗಜರ ಎಸೆತ ತಿದ್ದಿದ ಟಾಮ್ ಹೌಸ್ ಮೂಲತಃ ಬೇಸ್‌ಬಾಲ್ ಎಸೆತಗಾರ ಎಂಬುದು ಇಲ್ಲಿ ಗಮನಾರ್ಹ. ಆಟ ಬೇರೆಯಾದರೂ ಮೈಯ ಲೆಕ್ಕ ಒಂದೇ.

ಬೆಳೆಯುವ ಮಕ್ಕಳ ತೋಳಿನ ಮೂಳೆಯಲ್ಲಿ, ಭುಜದ ಹತ್ತಿರ, ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಹೆಚ್ಚಾಗಿ ಉದ್ದವಾಗುವುದು ಅಲ್ಲಿಂದ. ಮಿತಿಮೀರಿ ಎಸೆದರೆ ನೋಯುವುದೂ ಅದೇ. ಆದ್ದರಿಂದ ಮಕ್ಕಳಿಗೆ ಚಿಕ್ಕ ಚೆಂಡು, ನಡುನಡುವೆ ವಿಶ್ರಾಂತಿ. ದೊಡ್ಡವರ ಚೆಂಡು ಕೊಟ್ಟು ಬೇಗ ಪಳಗಿಸುತ್ತೇನೆನ್ನುವ ಉತ್ಸಾಹ ನನ್ನ ಮಟ್ಟಿಗೆ ದಡ್ಡತನ. ಪುಟ್ಟ ಅಂಗೈಗೆ ಅದು ಹಿಡಿತಕ್ಕೇ ಸಿಗುವುದಿಲ್ಲ, ಇನ್ನು ತಿರುಗಿಸುವುದೆಲ್ಲಿ ಬಂತು?

ತಿರುಗಿಸುವ ಕೆಲಸ ಬೆರಳುಗಳದು. ಅವು ಹೊಲಿಗೆಯ ಲೇಸಿನ ಮೇಲಿರುತ್ತವೆ. ಚೆಂಡು ಕೈಬಿಡುವಾಗ ಕಿರುಬೆರಳಿನಿಂದ ಶುರುವಾಗಿ ಒಂದೊಂದೇ ಜಾರಿ, ಕಡೆಗೆ ತೋರುಬೆರಳು ಸವರಿ ಬಿಡುತ್ತದೆ. ಎಸೆದ ಮೇಲೆ ಹೆಬ್ಬೆರಳು ನೆಲ ನೋಡುತ್ತಿದ್ದರೆ, ಅಂಗೈ ಹೊರಮುಖವಾಗಿದ್ದರೆ, ಕೋಚ್ ಮೆಚ್ಚಿ ತಲೆಯಾಡಿಸುತ್ತಾರೆ.

ಇಷ್ಟಾದ ಮೇಲೆ ಭೌತಶಾಸ್ತ್ರದ ಒಂದು ತಕರಾರು. ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾದರೆ ಮೂತಿ ಮೇಲೆತ್ತಿ ಹೊರಟ ಚೆಂಡು ಇಳಿಯುವಾಗಲೂ ಆಕಾಶವನ್ನೇ ನೋಡುತ್ತಿರಬೇಕಲ್ಲವೇ? ಆದರೆ ಅದು ಕಮಾನಿನ ಜಾಡು ಹಿಡಿದು ಮೂತಿ ಬಗ್ಗಿಸುತ್ತದೆ. 2020ರಲ್ಲಿ ಟಿಮ್ ಗೇ, ವಿಲಿಯಂ ಮಾಸ್, ರಿಚರ್ಡ್ ಪ್ರೈಸ್ ಎಂಬ ವಿಜ್ಞಾನಿಗಳು ಇದಕ್ಕೆ ಸರಳ ವಿವರಣೆ ಪ್ರಕಟಿಸಿದರು. ಚೆಂಡಿನ ದಾರಿ ಕೆಳಗೆ ಬಾಗಿದಂತೆ ಗಾಳಿ ಅದರ ಮೂತಿಯನ್ನು ಮೇಲಕ್ಕೆ ನೂಕುತ್ತದೆ. ವಾಲಿದ ಬುಗುರಿ ಧೊಪ್ಪನೆ ಬೀಳದೆ ಪಕ್ಕಕ್ಕೆ ಸುತ್ತುವಂತೆ, ತಿರುಗುವ ಚೆಂಡಿನ ಮೂತಿಯೂ ಮೇಲೇಳದೆ ಬಲಕ್ಕೆ ಸರಿಯುತ್ತದೆ. ಈಗ ಗಾಳಿಯ ನೂಕು ಬಲಕ್ಕೆ. ಮೂತಿ ಮತ್ತೆ ಪಕ್ಕಕ್ಕೆ, ಎಂದರೆ ಈ ಸಲ ಕೆಳಕ್ಕೆ, ತಿರುಗುತ್ತದೆ. ಮೂತಿ ಬಗ್ಗುವುದು ಗಾಳಿಯಿಂದಲೇ; ಗಾಳಿಯಿಲ್ಲದ ಚಂದ್ರನ ಮೇಲೆ ಎಸೆದರೆ ಅದು ಬಗ್ಗುತ್ತಲೇ ಇರಲಿಲ್ಲ.

ಮೂತಿ ಕೊಂಚ ಬಲಕ್ಕಿರುವುದರಿಂದ ದೂರದ ಎಸೆತವೂ ಬಲಕ್ಕೇ ವಾಲುತ್ತದೆ. ಇದು ಬಲಗೈಯವರ ಕಥೆ. ಸ್ಟೀವ್ ಯಂಗ್, ಮೈಕೆಲ್ ವಿಕ್ ಅವರಂಥ ಎಡಗೈ ಕ್ವಾರ್ಟರ್‌ಬ್ಯಾಕ್‌ಗಳ ಚೆಂಡು ತದ್ವಿರುದ್ಧ ತಿರುಗುತ್ತದೆ, ವಾಲುವುದೂ ಎಡಕ್ಕೆ. ಎಡಗೈಯ ಹುಡುಗ ತಂಡಕ್ಕೆ ಬಂದರೆ ಅವನಷ್ಟೇ ಅಭ್ಯಾಸ ಚೆಂಡು ಹಿಡಿಯುವವರಿಗೂ ಬೇಕು.