ರಿಪೋರ್ಟ್‌ನಲ್ಲಿ ‘ಎಲ್’ ಬಂದ ತಕ್ಷಣ ಕಾಯಿಲೆನಾ? ಗ್ರೇಹೌಂಡ್ ನಾಯಿ ಮತ್ತು ಥೈರಾಯ್ಡ್ ಟೆಸ್ಟ್ ಗೊಂದಲ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಕಥೆಯ ಹೀರೋ ಹೆಸರು ಕರಿಯ. ನಾಲ್ಕು ಕಾಲು, ಉದ್ದ ಮೂತಿ, ಎರಡೂ ಕಿವಿಯೊಳಗೆ ಹಚ್ಚೆ. ಐರ್ಲೆಂಡ್‌ನಲ್ಲಿ ರೇಸ್ ಓಡಿ ರಿಟೈರ್ ಆದ ಗ್ರೇಹೌಂಡ್ ನಾಯಿ.

ನಾನು ಜಮಖಂಡಿ ಕಡೆಯವನು. ಕೆಲಸಕ್ಕೆ ಅಂತ ಡಬ್ಲಿನ್‌ಗೆ ಬಂದೆ. ಇಲ್ಲಿ ಗ್ರೇಹೌಂಡ್ ರೇಸ್ ದೊಡ್ಡ ಉದ್ಯಮ, ಊರೊಳಗೇ ಶೆಲ್ಬೋರ್ನ್ ಪಾರ್ಕ್ ಅನ್ನೋ ಟ್ರ್ಯಾಕ್ ಇದೆ. ಗಂಟೆಗೆ 60 ಕಿಲೋಮೀಟರ್ ದಾಟಿ ಓಡೋ ಈ ನಾಯಿಗಳು ನಾಲ್ಕೈದು ವರ್ಷಕ್ಕೆಲ್ಲ ರಿಟೈರ್. ಆಮೇಲೆ ಕೆಲವಕ್ಕೆ ಮನೆ ಸಿಗುತ್ತೆ. ಹಾಗೆ ನಮ್ಮ ಮನೆಗೆ ಬಂದವನು ಕರಿಯ.

ಅವನಿಗೆ ಇಲ್ಲದ ಕಾಯಿಲೆಗೆ ನಾನು ನಾಲ್ಕು ತಿಂಗಳು ಮಾತ್ರೆ ಕೊಟ್ಟೆ. ಇದ್ದ ನೋವು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅದು ಹೇಗಾಯ್ತು ಅನ್ನೋದೇ ಇವತ್ತಿನ ವಿಷಯ.

ಎಲ್ಲಾ ಲಕ್ಷಣಾನೂ ಹೊಂದ್ತಿತ್ತು

ಮೊದಲ ಚಳಿಗಾಲ. ಕರಿಯ ದಿನವಿಡೀ ಮಲಗಿರ್ತಿದ್ದ. ತೊಡೆಯ ಹಿಂಭಾಗದಲ್ಲಿ ಕೂದಲಿಲ್ಲ, ಬೋಳು. ಹೊರಗೆ ಕರ್ಕೊಂಡು ಹೋದ್ರೆ ನಡುಗ್ತಾನೆ. ವಾಕಿಂಗ್‌ಗೆ ಎಳೆದ್ರೂ ಬರಲ್ಲ, ನಾಲ್ಕು ಹೆಜ್ಜೆ ಹಾಕಿ ನಿಂತುಬಿಡ್ತಾನೆ.

ಹತ್ತಿರದ ಕ್ಲಿನಿಕ್‌ಗೆ ಹೋದೆ. ರಕ್ತ ತೆಗೆದ್ರು. ಎರಡು ದಿನಕ್ಕೆ ರಿಪೋರ್ಟ್ ಬಂತು. ಥೈರಾಯ್ಡ್ ಹಾರ್ಮೋನ್ ‘ಟಿ4’ ಎದುರು 9 ಅಂತ ಸಂಖ್ಯೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಎಲ್’. ಅಂದ್ರೆ ‘ಲೋ’. ಆ ಲ್ಯಾಬ್ ಪ್ರಕಾರ ಕನಿಷ್ಠ 15 ಇರಬೇಕಿತ್ತು. ‘ಹೈಪೋಥೈರಾಯ್ಡ್, ಜೀವನಪೂರ್ತಿ ದಿನಕ್ಕೆರಡು ಮಾತ್ರೆ’ ಅಂದ್ರು.

ನಾನು ಮರುಪ್ರಶ್ನೆ ಕೇಳಲಿಲ್ಲ. ಯಾಕೆ ಗೊತ್ತಾ? ನಮ್ಮ ಅಮ್ಮನಿಗೂ ಥೈರಾಯ್ಡ್ ಇದೆ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಗೆ ಮಾತ್ರೆ, ಆಮೇಲೆ ಸ್ವಲ್ಪ ಹೊತ್ತು ಚಹಾ ಇಲ್ಲ. ಇದನ್ನ ಚಿಕ್ಕಂದಿನಿಂದ ನೋಡಿದವನು ನಾನು. ಸುಸ್ತು, ಕೂದಲು ಉದುರೋದು, ಚಳಿ ತಡೆಯಲ್ಲ... ಎಲ್ಲಾ ನನಗೆ ಗೊತ್ತಿರೋದೇ ಅನ್ನಿಸ್ತು.

ಫೋನಲ್ಲಿ ಹೇಳಿದಾಗ ಅಮ್ಮ ಮಾತ್ರ ನಂಬಲಿಲ್ಲ. ‘ನಾಯಿಗೆ ಎಂಥಾ ಥೈರಾಯ್ಡೋ? ನಿಮ್ಮ ಅಜ್ಜನ ಮುಧೋಳ ನಾಯಿನೂ ಹಂಗ ಇತ್ತಲ್ಲ. ಹೊಲದಾಗ ಬಿಟ್ರ ಬಾಣ, ಮನ್ಯಾಗ ಬಂದ್ರ ಮೂಲ್ಯಾಗ ಬಿದ್ದಿರ್ತಿತ್ತು’ ಅಂದ್ಳು. ನಾನು ನಕ್ಕು ಸುಮ್ಮನಾದೆ. ಅವಳು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಟಿ4 ಅಂದ್ರೆ ಏನು? ಟ್ಯಾಂಕ್ ಮತ್ತು ಮೋಟಾರ್ ಲೆಕ್ಕ

ನಿಮ್ಮ ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕಲ್ಲಿರೋ ನೀರು ಟಿ4. ನೀರೆತ್ತೋ ಮೋಟಾರ್ ಅಂದ್ರೆ ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿ. ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಟ್ಯಾಂಕ್ ನೋಡಿಕೊಳ್ಳೋ ವಾಚ್‌ಮನ್. ನೀರು ಕಡಿಮೆ ಆದ್ರೆ ‘ಮೋಟಾರ್ ಹಾಕ್ರೀ’ ಅಂತ ಕೂಗ್ತಾನೆ. ಆ ಕೂಗೇ ಟಿಎಸ್‌ಎಚ್. ಇನ್ನು ಟಿ4 ದೇಹದೊಳಗೆ ಟಿ3 ಆಗಿ ಬದಲಾಗಿ ಕೆಲಸ ಮಾಡುತ್ತೆ. ಅಂದ್ರೆ ಟಿ3 ನಲ್ಲಿಯಲ್ಲಿ ಬರೋ ನೀರು.

ಮೋಟಾರ್ ನಿಜವಾಗ್ಲೂ ಕೆಟ್ಟರೆ ಟ್ಯಾಂಕ್ ಬರಿದಾಗುತ್ತೆ, ವಾಚ್‌ಮನ್ ಕೂಗು ಜೋರಾಗುತ್ತೆ. ಅಂದ್ರೆ ಟಿ4 ಇಳಿಯುತ್ತೆ, ಟಿಎಸ್‌ಎಚ್ ಏರುತ್ತೆ. ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣೋ ಹೈಪೋಥೈರಾಯ್ಡ್ ಇದೇ. ತೂಕ ಏರುತ್ತೆ, ಮಂಕು ಬಡಿಯುತ್ತೆ, ಮೈಯ ಎರಡೂ ಕಡೆ ಒಂದೇ ಥರ ಕೂದಲು ಉದುರುತ್ತೆ, ಕೊಲೆಸ್ಟರಾಲ್ ಹೆಚ್ಚಾಗುತ್ತೆ, ಸ್ವಲ್ಪ ರಕ್ತಹೀನತೆಯೂ ಬರಬಹುದು.

ಗ್ರೇಹೌಂಡ್ ವಿಷಯದಲ್ಲಿ ತಮಾಷೆ ಏನಂದ್ರೆ, ಅವುಗಳ ಟ್ಯಾಂಕಲ್ಲಿ ನೀರಿನ ಮಟ್ಟ ಸಹಜವಾಗೇ ಕೆಳಗೆ. ಬೇರೆ ಮನೆ ಅಳತೆಕೋಲು ತಂದು ಇಳಿಸಿದ್ರೆ ‘ಅಯ್ಯೋ, ಕಡಿಮೆ’ ಅನ್ನಿಸುತ್ತೆ. ಆದ್ರೆ ವಾಚ್‌ಮನ್ ಕೂಗ್ತಿಲ್ಲ, ನಲ್ಲಿಯಲ್ಲಿ ನೀರು ಸರಿಯಾಗೇ ಬರ್ತಿದೆ.

ಇದು ನನ್ನ ಊಹೆ ಅಲ್ಲ. ಇದೇ ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜ್ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಇನ್ನೂ ರೇಸ್ ತರಬೇತಿಯನ್ನೇ ಶುರು ಮಾಡದ, ಆರೋಗ್ಯವಾಗಿದ್ದ 46 ಎಳೆ ಗ್ರೇಹೌಂಡ್‌ಗಳ ರಕ್ತ ಪರೀಕ್ಷೆ ಅದು. ಹತ್ತರಲ್ಲಿ ಒಂಬತ್ತರಷ್ಟು ನಾಯಿಗಳ ಟಿ4 ಸಾಮಾನ್ಯ ಮಿತಿಯ ಕೆಳಗಂಚಿನಲ್ಲಿ ಅಥವಾ ಅದಕ್ಕಿಂತ ಕೆಳಗಿತ್ತು. ಕೆಲವದ್ದಂತೂ ಯಂತ್ರ ಅಳೆಯೋಕೂ ಆಗದಷ್ಟು ಕಡಿಮೆ. ಟಿ3 ಮಾತ್ರ ಸರಿಯಾಗಿತ್ತು. ತರಬೇತಿಗೂ ಮೊದಲೇ ಹೀಗಿದ್ದ ಮೇಲೆ, ಓಡಿ ಓಡಿ ಸುಸ್ತಾಗಿ ಟಿ4 ಇಳಿದಿದೆ ಅನ್ನೋ ವಾದ ಇಲ್ಲಿ ನಿಲ್ಲಲ್ಲ. ಇದು ತಳಿಯ ಗುಣ.

2009ರಲ್ಲಿ ಅಲ್ಲಿಯವರೇ ಇನ್ನೊಂದು ಹೆಜ್ಜೆ ಮುಂದೆ ಹೋದ್ರು. ಥೈರಾಯ್ಡ್ ಕಾಯಿಲೆ ಇರಬಹುದು ಅಂತ ಅನುಮಾನ ಪಟ್ಟಿದ್ದ ಗ್ರೇಹೌಂಡ್‌ಗಳ ಗ್ರಂಥಿಯನ್ನೇ ಸ್ಕ್ಯಾನ್ ಮಾಡಿದ್ರು. ಮೋಟಾರನ್ನೇ ಬಿಚ್ಚಿ ನೋಡಿದ ಹಾಗೆ. ಗ್ರಂಥಿಗಳು ಚೆನ್ನಾಗೇ ಕೆಲಸ ಮಾಡ್ತಿದ್ವು.

‘ನಾರ್ಮಲ್’ ಯಾರ ನಾರ್ಮಲ್?

ಲ್ಯಾಬ್ ರಿಪೋರ್ಟ್‌ನಲ್ಲಿ ಬರೋ ‘ನಾರ್ಮಲ್ ರೇಂಜ್’ ಆಕಾಶದಿಂದ ಇಳಿದಿದ್ದಲ್ಲ. ಸಾಮಾನ್ಯವಾಗಿ ಒಂದಷ್ಟು ಆರೋಗ್ಯವಂತ ನಾಯಿಗಳ ರಕ್ತ ತಗೊಂಡು, ನಡುವಿನ 95 ಶೇಕಡಾ ಎಲ್ಲಿಂದ ಎಲ್ಲಿವರೆಗೆ ಬರುತ್ತೆ ಅಂತ ಗೆರೆ ಎಳೀತಾರೆ. ಆ ಗುಂಪಲ್ಲಿ ಲ್ಯಾಬ್ರಡಾರ್ ಇರಬಹುದು, ಬೀಗಲ್ ಇರಬಹುದು, ಮಿಶ್ರ ತಳಿ ಇರಬಹುದು. ಗ್ರೇಹೌಂಡ್ ಆ ಗುಂಪಿಗೆ ಸೇರಿದ್ದಲ್ಲ.

ಥೈರಾಯ್ಡ್ ಒಂದೇ ಅಲ್ಲ. ಗ್ರೇಹೌಂಡ್ ರಕ್ತದಲ್ಲಿ ಕೆಂಪುಕಣದ ಪ್ರಮಾಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ, ಬಿಳಿರಕ್ತಕಣ ಕಡಿಮೆ, ಕ್ರಿಯಾಟಿನಿನ್ ಹೆಚ್ಚು. ತಳಿ ಗೊತ್ತಿಲ್ಲದೆ ಓದಿದ್ರೆ ಒಂದೇ ರಿಪೋರ್ಟ್‌ನಲ್ಲಿ ಕಿಡ್ನಿ ಕಾಯಿಲೆನೂ ಕಾಣುತ್ತೆ, ರಕ್ತದ ಕಾಯಿಲೆನೂ ಕಾಣುತ್ತೆ. ಇದಕ್ಕೆ ಉಲ್ಟಾನೂ ಆಗಬಹುದು: ಗ್ರೇಹೌಂಡ್‌ಗೆ ನಿಜವಾಗಿ ರಕ್ತ ಕಡಿಮೆ ಆಗಿದ್ರೂ, ಬೇರೆ ನಾಯಿಗಳ ಲೆಕ್ಕದಲ್ಲಿ ‘ನಾರ್ಮಲ್’ ಅಂತ ಬರಬಹುದು.

ಲಕ್ಷಣಗಳ ಕಥೆನೂ ಅಷ್ಟೇ. ಗ್ರೇಹೌಂಡ್ ಓಡುವಾಗ ಬಾಣ, ಉಳಿದ ಹೊತ್ತು ಸೋಫಾ ಪ್ರೇಮಿ. ಅದು ಮಂಕಲ್ಲ, ಸ್ವಭಾವ. ಮೈಮೇಲೆ ಕೊಬ್ಬಿಲ್ಲ, ಕೂದಲು ತೆಳು, ಹಾಗಾಗಿ ಚಳಿಗೆ ನಡುಗುತ್ತೆ. ತೊಡೆ ಬೋಳಾಗೋದು ಈ ತಳಿಯಲ್ಲಿ ಎಷ್ಟು ಸಾಮಾನ್ಯ ಅಂದ್ರೆ ಅದಕ್ಕೆ ‘ಬಾಲ್ಡ್ ಥೈ ಸಿಂಡ್ರೋಮ್’ ಅಂತ ಹೆಸರೇ ಇದೆ. ಬರೀ ಬೋಳು ತೊಡೆ ನೋಡಿ ಥೈರಾಯ್ಡ್ ಅನ್ನೋಕಾಗಲ್ಲ.

ಮಾತ್ರೆ ಶುರುವಾದ ಮೇಲೆ

‘ಹೋಗ್ಲಿ ಬಿಡಿ, ಒಂದು ಮಾತ್ರೆ ತಾನೇ’ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಬೇಕಿಲ್ಲದ ದೇಹಕ್ಕೆ ಥೈರಾಯ್ಡ್ ಮಾತ್ರೆ ಹೋದ್ರೆ ಚಡಪಡಿಕೆ, ಏದುಸಿರು, ಜಾಸ್ತಿ ದಾಹ, ತೂಕ ಇಳಿಕೆ, ಹೃದಯ ಬಡಿತ ಹೆಚ್ಚಾಗೋದು ಇದೆಲ್ಲ ಆಗಬಹುದು. ಕರಿಯನಿಗೆ ಕೆಲವೇ ವಾರದಲ್ಲಿ ರಾತ್ರಿ ನಿದ್ದೆ ಹೋಯ್ತು. ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಸುತ್ತು ಹೊಡೀತಿದ್ದ. ನಾನೋ, ‘ಅಬ್ಬಾ, ಚುರುಕಾದ’ ಅಂತ ಖುಷಿಪಟ್ಟೆ! ಈ ಮಾತ್ರೆ ತಪ್ಪು ರೋಗನಿರ್ಣಯವನ್ನ ಮುಚ್ಚಿ ಹಾಕೋದು ಹೀಗೇ. ಕಾಯಿಲೆ ಇಲ್ಲದ ನಾಯಿಯನ್ನೂ ಅದು ಚುರುಕು ಮಾಡಿಬಿಡುತ್ತೆ, ನಾವು ‘ನೋಡಿ, ಔಷಧಿ ಹಿಡೀತು’ ಅಂತೀವಿ.

ಆದ್ರೆ ವಾಕಿಂಗ್‌ಗೆ ಮಾತ್ರ ಅವನು ಬರ್ತಿರಲಿಲ್ಲ. ತೂಕ ಮೂರು ಕಿಲೋ ಇಳೀತು.

ಕೊನೆಗೆ ಗ್ರೇಹೌಂಡ್‌ಗಳನ್ನ ಹೆಚ್ಚು ನೋಡೋ ಇನ್ನೊಬ್ಬ ವೈದ್ಯೆ ಹತ್ರ ಹೋದೆ. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ‘ಮೊದಲು ನಡೆಸಿ ತೋರಿಸಿ’ ಅಂದ್ರು. ಕ್ಲಿನಿಕ್ ಎದುರಿನ ಡಾಂಬರು ರಸ್ತೆಯಲ್ಲಿ ಕರಿಯ ಕುಂಟಿದ. ಪಕ್ಕದ ಹುಲ್ಲಿನ ಮೇಲೆ ಆರಾಮಾಗಿ ನಡೆದ. ಅವರು ಮುಂಗಾಲು ಎತ್ತಿ, ಪಾದದ ಮೆತ್ತೆ ಒದ್ದೆ ಮಾಡಿ ತೋರಿಸಿದ್ರು. ನಡುವೆ ಬಟಾಣಿ ಗಾತ್ರದ ಗಟ್ಟಿ ವೃತ್ತ.

ಆಣಿ. ನಮ್ಮ ಊರಲ್ಲಿ ಬರಿಗಾಲಲ್ಲಿ ಓಡಾಡೋರ ಪಾದದಲ್ಲಿ ಆಗುತ್ತಲ್ಲ, ಅದೇ ಥರ. ಗ್ರೇಹೌಂಡ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಗಟ್ಟಿ ನೆಲದಲ್ಲಿ ಹೆಜ್ಜೆ ಇಟ್ಟರೆ ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ ಹಾಗೆ ನೋವು. ನಾಲ್ಕು ತಿಂಗಳು ನಾನು ಅವನನ್ನ ಆ ಕಾಲಲ್ಲೇ ಫುಟ್‌ಪಾತ್ ಮೇಲೆ ಎಳ್ಕೊಂಡು ಓಡಾಡಿದ್ದೆ. ‘ಬಾರೋ ಸೋಮಾರಿ’ ಅಂತ ಬೈದಿದ್ದೂ ಉಂಟು. ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ತೊಳೆಸುತ್ತೆ.

ಹಾಗಾದ್ರೆ ಸರಿಯಾದ ಪರೀಕ್ಷೆ ಹೇಗೆ?

ಆ ವೈದ್ಯೆ ಹೇಳಿದ ಹಾಗೆ ಮಾತ್ರೆ ನಿಲ್ಲಿಸಿದ್ವಿ. ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಯಾಕೆ ಆರು ವಾರ? ಹೊರಗಿಂದ ಹಾರ್ಮೋನ್ ಬರ್ತಿದ್ರೆ ದೇಹದ ಸ್ವಂತ ಮೋಟಾರ್ ಮಲಗಿಬಿಡುತ್ತೆ. ಅದು ಏಳೋಕೆ ಕೆಲವು ವಾರ ಬೇಕು. ಅವಸರದಲ್ಲಿ ಪರೀಕ್ಷೆ ಮಾಡಿದ್ರೆ ಸುಳ್ಳು ಉತ್ತರ ಬರುತ್ತೆ.

ಎರಡನೇ ರಿಪೋರ್ಟ್‌ನಲ್ಲೂ ಟಿ4 ಎದುರು ಅದೇ ‘ಎಲ್’. ಆದ್ರೆ ಟಿಎಸ್‌ಎಚ್ ನಾರ್ಮಲ್, ಕೊಲೆಸ್ಟರಾಲ್ ನಾರ್ಮಲ್, ರಕ್ತಹೀನತೆ ಇಲ್ಲ. ಮೊದಲ ಸಲ ಟಿ4 ಒಂದನ್ನೇ ನೋಡಿದ್ವಿ, ಈ ಸಲ ಇಡೀ ನಾಯಿಯನ್ನ ನೋಡಿದ್ವಿ.

ನಿಮ್ಮ ಹತ್ರ ಗ್ರೇಹೌಂಡ್ ಇದ್ದು, ಥೈರಾಯ್ಡ್ ಅಂತ ಹೇಳಿದ್ರೆ ವೈದ್ಯರ ಹತ್ರ ಇಷ್ಟು ಕೇಳಿ.

ಒಂದು: ಈ ರೇಂಜ್ ಗ್ರೇಹೌಂಡ್‌ದಾ, ಎಲ್ಲಾ ನಾಯಿಗಳದ್ದಾ?

ಎರಡು: ಟಿ4 ಜೊತೆ ಟಿಎಸ್‌ಎಚ್ ಮಾಡಿಸಿದ್ದೀರಾ? ‘ಫ್ರೀ ಟಿ4’ ಕೂಡ ಗ್ರೇಹೌಂಡ್‌ಗಳಲ್ಲಿ ಕಡಿಮೆ ಇರುತ್ತೆ, ಹಾಗಾಗಿ ಅದೊಂದನ್ನೇ ನಂಬೋಕಾಗಲ್ಲ. ಟಿ4 ಕಡಿಮೆ, ಟಿಎಸ್‌ಎಚ್ ಹೆಚ್ಚು, ಜೊತೆಗೆ ಲಕ್ಷಣಗಳೂ ಇದ್ರೆ ಅನುಮಾನ ಗಟ್ಟಿ. ಆದ್ರೆ ಟಿಎಸ್‌ಎಚ್‌ಗೂ ಮಿತಿ ಇದೆ. ನಿಜವಾಗಿ ಕಾಯಿಲೆ ಇರೋ ನಾಯಿಗಳಲ್ಲಿ ನಾಲ್ಕಕ್ಕೆ ಒಂದರಷ್ಟಾದ್ರೂ ಟಿಎಸ್‌ಎಚ್ ಏರಿರಲ್ಲ. ಗೊಂದಲ ಉಳಿದ್ರೆ, ಸೌಲಭ್ಯ ಇರೋ ಕಡೆ ಗ್ರಂಥಿಯ ಸ್ಕ್ಯಾನ್ ದಾರಿ.

ಮೂರು: ಈಗ ಬೇರೆ ಕಾಯಿಲೆ ಅಥವಾ ಔಷಧಿ ಇದೆಯಾ? ಬೇರೆ ಕಾಯಿಲೆ ಬಿದ್ದ ಯಾವ ನಾಯಿಗಾದ್ರೂ ಟಿ4 ತಾತ್ಕಾಲಿಕವಾಗಿ ಇಳಿಯುತ್ತೆ. ಸ್ಟೀರಾಯ್ಡ್, ಫಿಟ್ಸ್‌ಗೆ ಕೊಡೋ ಫೀನೋಬಾರ್ಬಿಟಾಲ್, ಸಲ್ಫಾ ಆ್ಯಂಟಿಬಯೋಟಿಕ್ ಕೂಡ ಇಳಿಸುತ್ತವೆ.

ನಾಲ್ಕು: ಥೈರಾಯ್ಡ್ ಅಲ್ಲ ಅಂತಾದ್ರೆ, ಈ ಲಕ್ಷಣಕ್ಕೆ ಬೇರೆ ಏನು ಕಾರಣ ಇರಬಹುದು? ಪಾದ, ಬೆನ್ನು, ಹಲ್ಲು ನೋಡಿದ್ದೀರಾ?

ಎರಡು ಎಚ್ಚರಿಕೆ. ಗ್ರೇಹೌಂಡ್‌ಗೆ ಥೈರಾಯ್ಡ್ ಕಾಯಿಲೆ ಬರೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಅಪರೂಪಕ್ಕೆ ಬರುತ್ತೆ, ಬಂದಾಗ ಮಾತ್ರೆ ಬೇಕೇ ಬೇಕು. ಹಾಗೇ ಈ ಪಾಡ್‌ಕಾಸ್ಟ್ ಕೇಳಿ ನಾಳೆನೇ ಮಾತ್ರೆ ನಿಲ್ಲಿಸಬೇಡಿ. ಅದು ವೈದ್ಯರ ಜೊತೆ ಕೂತು ಮಾಡೋ ಕೆಲಸ.

ನಮ್ಮೂರ ಮಾತು

ಗ್ರೇಹೌಂಡ್ ಒಂದೇ ಅಲ್ಲ, ಸಲೂಕಿ, ಸ್ಲೂಗಿ ಥರದ ಬೇಟೆ ನಾಯಿಗಳಲ್ಲೂ ಟಿ4 ಕಡಿಮೆ ಇರೋದು ಅಧ್ಯಯನಗಳಲ್ಲಿ ಕಂಡಿದೆ. ಇವೆಲ್ಲ ಕಣ್ಣಲ್ಲಿ ಗುರಿ ಇಟ್ಟು ಓಡಿ ಹಿಡಿಯೋ ಜಾತಿ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಇದೇ ಗುಂಪಿನದು, 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ. ಮನೇಲಿ ಮುಧೋಳ ಸಾಕಿರೋರು ರಿಪೋರ್ಟ್‌ನಲ್ಲಿ ‘ಎಲ್’ ನೋಡಿದ್ರೆ, ಮಾತ್ರೆ ಶುರು ಮಾಡೋ ಮೊದಲು ಇದೇ ಪ್ರಶ್ನೆ ಕೇಳಿ.

ಕರಿಯನ ಆಣಿಯನ್ನ ವೈದ್ಯೆ ಬಿಡಿಸಿ ತೆಗೆದ್ರು. ಅದು ಮತ್ತೆ ಬೆಳೆಯೋ ಸ್ವಭಾವದ್ದು, ಹಾಗಾಗಿ ಆಗಾಗ ತೋರಿಸಬೇಕು. ಡಾಂಬರು ರಸ್ತೆಗೆ ಇಳಿದ್ರೆ ಮೆತ್ತನೆ ಬೂಟ್ ಹಾಕ್ತೀವಿ. ತೂಕ ವಾಪಸ್ ಬಂದಿದೆ. ತೊಡೆ ಇನ್ನೂ ಬೋಳು. ದಿನದ ಬಹುಪಾಲು ಇನ್ನೂ ಮಲಗೇ ಇರ್ತಾನೆ. ಆದ್ರೆ ಸಂಜೆ ಬೂಟ್ ಕೈಗೆ ತಗೊಂಡ್ರೆ ಸಾಕು, ಬಾಗಿಲ ಹತ್ರ ಅವನೇ ಮೊದಲು ನಿಂತಿರ್ತಾನೆ.

ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಬೂಟ್ ನೋಡಿ ಅಮ್ಮ, ‘ನಾನು ಹೇಳಿರಲಿಲ್ಲೇನು?’ ಅಂದ್ಳು. ಹೇಳಿದ್ದಳು.