ಬೆಲ್ಲ ಹಾಕಿದರಷ್ಟೇ ಸಾಕೇ?

‘ಇದು ಸಕ್ಕರೆದಲ್ಲ, ಬೆಲ್ಲದ್ದು. ಎಷ್ಟು ಬೇಕಾದರೂ ತಿನ್ನಿ!’ ಬೇಕರಿಯಿಂದ ಹಿಡಿದು ರೀಲ್ಸ್‌ವರೆಗೆ ಈಗ ಎಲ್ಲೆಲ್ಲೂ ಇದೇ ಮಾತು. ಕೇಳಲು ಹಿತವಾಗಿದೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ, ಅಷ್ಟೇ ಬೆಲ್ಲದಲ್ಲಿ 380ರ ಆಸುಪಾಸು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜ. ಆದರೂ ಅದರ ಬಹುಪಾಲು ಸಕ್ಕರೆಯೇ. ದಿನಕ್ಕೆ 25 ಗ್ರಾಂನೊಳಗೆ, ಅಂದರೆ ಸುಮಾರು ಆರು ಚಮಚದೊಳಗೆ ಇದ್ದರೆ ಹೆಚ್ಚು ಒಳ್ಳೆಯದು ಎಂಬುದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ. ಬೆಲ್ಲ, ಜೇನುತುಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ನಮ್ಮಪ್ಪನಿಗೆ ಮಧುಮೇಹ. ಕಾಫಿಗೆ ಸಕ್ಕರೆ ಮುಟ್ಟದ ಅವರು ‘ಬೆಲ್ಲದ್ದು ತಾನೇ’ ಎಂದು ಶೇಂಗಾ ಉಂಡೆಯನ್ನು ಎರಡೆರಡು ತಿನ್ನುತ್ತಿದ್ದರು. ನಮ್ಮ ಮನೆಯಲ್ಲಿ ಶೇಂಗಾ, ಬೆಲ್ಲ ಸಮಸಮ. 30 ಗ್ರಾಂನ ಒಂದು ಉಂಡೆಯಲ್ಲಿ 15 ಗ್ರಾಂ ಬೆಲ್ಲ. ಎರಡು ತಿಂದರೆ 30! ಹಾಗಾಗಿ ಬದಲಾಗಬೇಕಾದದ್ದು ಸಿಹಿಯ ಹೆಸರಲ್ಲ, ಅದರ ಅಳತೆ.

ಹಾಸ್ಟೆಲ್‌ನಿಂದ ಊರಿಗೆ ಹೋದಾಗಲೆಲ್ಲ ನಾನು ಮಾಡುವ ಉಂಡೆ ಇದು. ರಾಗಿಹಿಟ್ಟು 100 ಗ್ರಾಂ, ಶೇಂಗಾ 100, ಎಳ್ಳು 40, ಬೆಲ್ಲ 80 ಗ್ರಾಂ. ರಾಗಿಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಹುರಿದ ಶೇಂಗಾ, ಎಳ್ಳನ್ನು ಸ್ವಲ್ಪ ಎಣ್ಣೆ ಬಿಡುವಷ್ಟು ಮಿಕ್ಸಿಯಲ್ಲಿ ಪುಡಿ ಮಾಡಿ. ಬೆಲ್ಲಕ್ಕೆ ಮೂರು ಚಮಚ ನೀರು ಹಾಕಿ ಕರಗಿಸಿ ಸೋಸಿಕೊಳ್ಳಿ, ಪಾಕ ಬೇಕಿಲ್ಲ. ಏಲಕ್ಕಿ, ಎರಡು ಚಮಚ ತುಪ್ಪ, ಚಿಟಿಕೆ ಉಪ್ಪು ಸೇರಿಸಿ ಬಿಸಿಯಿರುವಾಗಲೇ ಕಟ್ಟಿದರೆ 16 ಸಣ್ಣ ಉಂಡೆ. ಒಂದೊಂದರಲ್ಲಿ 5 ಗ್ರಾಂ ಬೆಲ್ಲ. ಆ ಚಿಟಿಕೆ ಉಪ್ಪು ಇರುವಷ್ಟೇ ಸಿಹಿಯನ್ನು ಎತ್ತಿ ತೋರಿಸುತ್ತದೆ. ನೀರು ಸೇರಿರುವುದರಿಂದ ನಾಲ್ಕೈದು ದಿನದಲ್ಲಿ ಖಾಲಿ ಮಾಡಬೇಕು. ಹಾಸ್ಟೆಲ್‌ಗೆ ತಂದರೆ ಒಂದೇ ದಿನ!

ಮೊದಲ ಸಲ ಅಪ್ಪ ‘ಸಪ್ಪೆ’ ಎಂದರು. ನಾಲಿಗೆಗೂ ಅಭ್ಯಾಸವಾಗಬೇಕಲ್ಲ! ಈಗ ಊಟವಾದ ಮೇಲೆ ಒಂದೇ ಒಂದು ತೆಗೆದುಕೊಳ್ಳುತ್ತಾರೆ. ರಾಗಿಯಲ್ಲೂ ಪಿಷ್ಟವಿದೆ, ಅದೂ ಗ್ಲೂಕೋಸ್ ಆಗುತ್ತದೆ. ಆದ್ದರಿಂದ ಮಧುಮೇಹಿಗಳಿಗೆ ಆ ಒಂದು ಉಂಡೆಯೂ ದಿನದ ಊಟದ ಲೆಕ್ಕದಲ್ಲೇ ಇರಬೇಕು.

ಎಲ್ಲ ಸಿಹಿಯನ್ನೂ ಹೀಗೆ ‘ರಿಪೇರಿ’ ಮಾಡಲಾಗದು. ನಾಗರ ಪಂಚಮಿಯ ತಂಬಿಟ್ಟು, ಎಳ್ಳುಂಡೆಗಳಲ್ಲಿ ಹಿಟ್ಟು, ಕಾಳುಗಳೇ ಹೆಚ್ಚಿರುವುದರಿಂದ ಬೆಲ್ಲ ತಗ್ಗಿಸಬಹುದು. ಚಿಕ್ಕಿಗೆ ಪಾಕವೇ ಸಿಮೆಂಟು, ಅದನ್ನು ಕಡಿಮೆ ಮಾಡಿದರೆ ಕೈಯಲ್ಲೇ ಉದುರುತ್ತದೆ. ಮೈಸೂರು ಪಾಕ್‌ನಿಂದ ಸಕ್ಕರೆ, ತುಪ್ಪ ತೆಗೆದರೆ ಉಳಿಯುವುದು ಬರೀ ಕಡಲೆಹಿಟ್ಟು! ಓಟ್ಸ್ ಬೆರೆಸಿ ಅದರ ಮಾನ ಕಳೆಯುವ ಬದಲು, ಹಬ್ಬಕ್ಕೊಮ್ಮೆ ಒಂದು ಸಣ್ಣ ತುಂಡನ್ನು ಖುಷಿಯಿಂದ ತಿನ್ನುವುದೇ ವಾಸಿ.

ಹಾಗೆಯೇ ‘ಹೆಲ್ದಿ’ ಎಂಬ ಹೆಸರಿಗೆ ಮಾರುಹೋಗಿ ನನ್ನ ರಾಗಿ ಉಂಡೆಯನ್ನೇ ಆರು ತಿಂದರೆ ಮತ್ತದೇ 30 ಗ್ರಾಂ. ಮುಂದಿನ ಸಲ ಯಾರಾದರೂ ‘ಬೆಲ್ಲದ್ದು, ತಿನ್ನಿ’ ಎಂದರೆ ಬೇಡ ಎನ್ನಬೇಡಿ. ‘ಒಂದಕ್ಕೆ ಎಷ್ಟು ಬೆಲ್ಲ ಹಾಕಿದ್ದೀರಿ?’ ಎಂದು ಕೇಳಿ, ಆಮೇಲೆ ತಿನ್ನಿ.